ಯಜಮಾನಿಯ ಹೆರಿಗೆ

ಹುಲಿಗೆ ಹೆದರುವವನನ್ನು ಯಾರೂ ಆಡಿಕೊಳ್ಳುವುದಿಲ್ಲ. ಹಾವಿಗೆ ಹೆದರಿದರೆ ಜಾಣ ಅನ್ನುತ್ತಾರೆ. ಹಂದಿಗೆ ಹೆದರುವ ಗಂಡಸಿನ ಪಾಡು ಮಾತ್ರ ಯಾರಿಗೂ ಬೇಡ. ಅದರಲ್ಲೂ ಅವನು ಹಂದಿ ಸಾಕುವ ಮನೆಗೇ ಮನೆಯಳಿಯನಾಗಿ ಬಂದು ಸೇರಿಕೊಂಡಿದ್ದರೆ ಮುಗಿದೇ ಹೋಯಿತು.

ಟೈಲರ್ ಹಾಗೆ ಸೇರಿಕೊಂಡವನು. ಪೇಟೆಯಲ್ಲಿ ಅವನ ಹೊಲಿಗೆ ಅಂಗಡಿಯಿದ್ದ ಸಾಲನ್ನು ರಸ್ತೆ ಅಗಲ ಮಾಡುತ್ತೇವೆಂದು ಕೆಡವಿ ಹಾಕಿದ ಮೇಲೆ, ಮಿಷನ್ನನ್ನು ಹಗ್ಗ ಕಟ್ಟಿ ಗಾಡಿಗೆ ಹೇರಿಕೊಂಡು ಹೆಂಡತಿಯ ತವರಿಗೆ ಬಂದಿದ್ದ. ಊರಾಚೆ ಒಂದು ಮನೆ, ಮನೆಯ ಹಿಂದೆ ಉದ್ದಕ್ಕೊಂದು ಶೀಟಿನ ಕೊಟ್ಟಿಗೆ, ಕೊಟ್ಟಿಗೆ ತುಂಬ ಹಂದಿ. ಮಾವ ಹೋದ ಮೇಲೆ ಅತ್ತೆ ಒಬ್ಬರೇ ನಿಂತು ನಡೆಸಿದ ಸಂಸಾರ ಅದು. ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು, ಅಷ್ಟೇಕೆ, ಟೈಲರ್ ತನ್ನ ಮಿಷನ್ನಿಗೆ ಮೋಟಾರ್ ಹಾಕಿಸಿಕೊಂಡದ್ದು ಕೂಡ ಹಂದಿಗಳ ಕೃಪೆಯಿಂದಲೇ. ಇದನ್ನು ಅತ್ತೆ ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳದೇ ಇದ್ದದ್ದೇ ಟೈಲರ್‌ಗೆ ದಿನಾ ಕೇಳಿಸುತ್ತಿತ್ತು. ತಟ್ಟೆಯ ಮುಂದೆ ಕೂತರೆ ತಲೆ ಎತ್ತದೆ ಉಣ್ಣುತ್ತಿದ್ದ, ತನ್ನ ತಟ್ಟೆ ತಾನೇ ತೊಳೆದಿಟ್ಟು ಏಳುತ್ತಿದ್ದ.

ಮೊದಮೊದಲು ಅವನಿಗೆ ಸಿಕ್ಕಿದ್ದು ಗೋಡೆಯಾಚೆಯ ಕೆಲಸ. ತೌಡು ಕಲಸುವುದು, ಅಂಗಡಿಯಿಂದ ಗೆಣಸು ತಂದು ಬೇಯಿಸುವುದು, ಪೈಪು ಹಿಡಿದು ಹೊರಗಿನಿಂದಲೇ ನೆಲಕ್ಕೆ ನೀರು ಬಿಡುವುದು. ಅದನ್ನೆಲ್ಲ ಅವನು ನೀಟಾಗಿಯೇ ಮಾಡುತ್ತಿದ್ದ. ತೌಡಿನ ಮೂಟೆಯ ಬಾಯಿಯನ್ನು ಸಹ ಮಡಿಸಿ ಇಸ್ತ್ರಿ ಹಾಕಿದ ಹಾಗೆ ಇಡುತ್ತಿದ್ದ. ಒಳಗೆ ಹೋಗುವ ಕೆಲಸವೆಲ್ಲ ಅತ್ತೆಯದು. ಹೆಂಡತಿ ಪುಟ್ಟಿ ಮದುವೆಗೆ ಮುಂಚೆ ಅಮ್ಮನ ಬಲಗೈಯಾಗಿದ್ದವಳು, ಈಗ ಹೋಗುವ ಹಾಗಿರಲಿಲ್ಲ. ಅವಳು ತುಂಬಿದ ಬಸುರಿ. ಮೊದಲ ಬಸಿರು ನಿಂತಿರಲಿಲ್ಲ. ಡಾಕ್ಟರಮ್ಮ ಈ ಸಲ ಬೆರಳು ಎತ್ತಿ ಹೇಳಿದ್ದರು: ‘ಹಂದಿ ಗೂಡಿನೊಳಗೆ ಕಾಲಿಡಬೇಡ. ಒಂದೇ ಒಂದು ನೂಕು ಸಾಕು.’

ಕೊಟ್ಟಿಗೆಯ ಕೊನೆಯ ಗೂಡು ಯಜಮಾನಿಯದು. ಹೆಸರಿಟ್ಟವರು ಅತ್ತೆ, ಮತ್ತು ಸರಿಯಾಗಿಯೇ ಇಟ್ಟಿದ್ದರು. ಮೂರು ಗಂಡಸರನ್ನು ಒಟ್ಟಿಗೆ ಕಟ್ಟಿ ತೂಗಿದರೆ ಬರುವಷ್ಟು ತೂಕದ ಹಂದಿ. ಕಿವಿ ಕಣ್ಣಿನ ಮೇಲೆ ಜೋತುಬಿದ್ದಿರುತ್ತಿತ್ತು. ಆ ಕಿವಿಯ ಅಡಿಯಿಂದ, ಬಿಳಿ ರೆಪ್ಪೆಯ ಒಂದು ಸಣ್ಣ ಕಣ್ಣು ಟೈಲರನ್ನು ಮೇಲಿನಿಂದ ಕೆಳಗೆ ನೋಡುತ್ತಿತ್ತು. ಜೀವಮಾನವೆಲ್ಲ ಜನರ ಅಳತೆ ತೆಗೆದವನಿಗೆ ಆ ನೋಟ ಗುರುತು ಸಿಕ್ಕದೆ ಇರುತ್ತದೆಯೇ? ಇದು ನನ್ನ ಅಳತೆ ತೆಗೆಯುತ್ತಿದೆ ಅಂದುಕೊಂಡು ಅವನು ಬಕೆಟ್ಟನ್ನು ಗೋಡೆಯ ಮೇಲಿಂದಲೇ ಬಗ್ಗಿಸಿ ಓಡಿಬರುತ್ತಿದ್ದ.

ಹಾಗಿರುವಾಗ ಒಂದು ಬೆಳಿಗ್ಗೆ ಅತ್ತೆಯ ಕೈ ಮುರಿಯಿತು. ಒದ್ದೆ ನೆಲದ ಮೇಲೆ ಯಜಮಾನಿಗೂ ಗೋಡೆಗೂ ಮಧ್ಯೆ ಅತ್ತೆ ನಿಂತಿದ್ದರು. ಯಜಮಾನಿ ಏನನ್ನೋ ನೋಡಲು ಪಕ್ಕಕ್ಕೆ ತಿರುಗಿತು, ಅಷ್ಟೇ. ಅದಕ್ಕೆ ಕೋಪವೂ ಇರಲಿಲ್ಲ, ಏನೂ ಇರಲಿಲ್ಲ. ಒಣಕಟ್ಟಿಗೆ ಮುರಿದ ಹಾಗೆ ಒಂದು ಸದ್ದು ಬಂತು. ತೌಡು ಕಲಸುತ್ತಿದ್ದ ಟೈಲರ್‌ನ ಕೈ ಬಕೆಟ್ಟಿನೊಳಗೇ ನಿಂತುಬಿಟ್ಟಿತು.

‘ಅದರ ತಪ್ಪಲ್ಲ, ನಾನೇ ನಿಲ್ಲಬಾರದ ಕಡೆ ನಿಂತೆ’ ಅಂದರು ಅತ್ತೆ, ಹಲ್ಲುಕಚ್ಚಿಕೊಂಡು ಹೊರಗೆ ಬರುತ್ತ. ಟೈಲರ್‌ಗೆ ಆ ಮಾತು ಸಮಾಧಾನದ ಬದಲು ಭಯ ತಂದಿತು. ಸಿಟ್ಟಿಲ್ಲದೇ ಕೈ ಮುರಿಯುವ ಪ್ರಾಣಿಗೆ ಸಿಟ್ಟು ಬಂದರೆ ಗತಿಯೇನು?

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅತ್ತೆ ಊಟಕ್ಕೆ ಕೂತು ವಿಷಯ ಎತ್ತಿದರು. ಯಜಮಾನಿ ಗಬ್ಬ. ದಿನ ಹತ್ತಿರ ಬರುತ್ತಿದೆ. ಹಿಂದೊಮ್ಮೆ ಅದರ ಪಾಡಿಗೆ ಬಿಟ್ಟಾಗ ಅರ್ಧಕ್ಕರ್ಧ ಮರಿ ಅದರ ಮೈಯಡಿ ಸಿಕ್ಕಿ ಸತ್ತವು. ಯಾರಾದರೂ ಪಕ್ಕದಲ್ಲಿ ಕೂತು ಮರಿ ಎತ್ತಿಕೊಳ್ಳಲೇಬೇಕು.

‘ಸುಮ್ಮನೆ ಆವತ್ತು ಹೋಗಿ ಕೂತರೆ ಆಗಲ್ಲ’ ಅಂದರು ಅತ್ತೆ. ‘ಹೆರಿಗೆ ಹೊತ್ತಲ್ಲಿ ಗುರುತಿಲ್ಲದ ಕೈ ಬಂದ್ರೆ ಅವಳು ಮರಿನೂ ತುಳಿತಾಳೆ, ಮನುಷ್ಯನನ್ನೂ ಬಿಡಲ್ಲ. ಈಗಿಂದಲೇ ದಿನಾ ಒಳಗೆ ಹೋಗಬೇಕು, ಮಾತಾಡಿಸಬೇಕು, ಮೊಣಕಾಲೂರಿ ಹೊಟ್ಟೆ ಉಜ್ಜಬೇಕು. ಕೈ ಗುರುತಾದ್ರೆ ಮಗು ಥರ ಮಲಗ್ತಾಳೆ.’

ಪುಟ್ಟಿ ತಟ್ಟೆ ನೋಡುತ್ತಲೇ ಅಂದಳು: ‘ನಾನೇ ಹೋಗ್ತೀನಮ್ಮ. ನನ್ನ ಕೈ ಅವಳಿಗೆ ಮೊದಲಿಂದ ಗೊತ್ತು.’

‘ಬೇಡ’ ಅಂದ ಟೈಲರ್. ಅನ್ನ ಗಂಟಲಲ್ಲಿದ್ದರೂ ಮಾತು ಹೊರಗೆ ಬಂದಿತ್ತು. ‘ನಾನು ಕಲಿತ್ಕೋತೀನಿ.’

ಅತ್ತೆ ಅವನನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ಪುಟ್ಟಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರುಬಿಟ್ಟಳು. ಆ ಉಸಿರಿಗೋಸ್ಕರ ಟೈಲರ್ ಸಿಂಹದ ಬೋನಿಗಾದರೂ ನುಗ್ಗಿಯಾನು, ನುಗ್ಗಬೇಕಾದದ್ದು ಸಿಂಹದ ಬೋನಿಗಾಗಿದ್ದರೆ.

ಮರುದಿನ ಅತ್ತೆಯ ರಬ್ಬರ್ ಬೂಟು ಹಾಕಿಕೊಂಡು, ಹಂದಿ ಹತ್ತಿರ ಬಂದರೆ ಅಡ್ಡ ಹಿಡಿಯುವ ಹಲಗೆ ಎತ್ತಿಕೊಂಡು, ಹೋದ. ಗೂಡಿಗೆ ಕಬ್ಬಿಣದ ಬಾಗಿಲು. ಅದರ ಅಗುಳಿ ಎಳೆದರೆ ಅಡುಗೆಮನೆಯವರೆಗೂ ಕಿರ್ರೆಂದು ಕೇಳುತ್ತಿತ್ತು. ಒಳಗೆ ಹೋದವನು ಬಾಗಿಲಿಗೆ ಬೆನ್ನು ಅಂಟಿಸಿಕೊಂಡು ನಿಂತ. ಮಾತಾಡಿಸಬೇಕಂತೆ. ಏನಂತ ಮಾತಾಡಿಸುವುದು? ಯಜಮಾನಿ ಎದ್ದಿತು. ಅದು ಏಳುವುದೆಂದರೆ ಒಂದು ಕೋಣೆಯೇ ಎದ್ದು ನಿಂತ ಹಾಗೆ. ಹತ್ತಿರ ಬಂದು ಅವನ ಮೊಣಕಾಲನ್ನು ಮೂಸಿತು. ಬಿಸಿಯಾದ ಒದ್ದೆ ಉಸಿರು ಪ್ಯಾಂಟಿನೊಳಗೆ ಇಳಿಯಿತು. ಆಮೇಲೆ ಬಾಯಿ ತೆರೆದು ಪ್ಯಾಂಟಿನ ಬಟ್ಟೆಯನ್ನು ಕಚ್ಚಿ, ಅಂಗಡಿಯಲ್ಲಿ ಗಿರಾಕಿ ಬಟ್ಟೆಯ ಗುಣ ನೋಡುವ ಹಾಗೆ ನಿಧಾನಕ್ಕೆ ಎಳೆಯಿತು.

ಹೊರಗೆ ಹೇಗೆ ಬಂದನೋ ಅವನಿಗೇ ತಿಳಿಯದು. ತೌಡಿನ ಮೂಟೆಗಳ ಹಿಂದೆ ಕೂತಿದ್ದ. ಹಲಗೆ ಒಳಗೇ ಬಿದ್ದಿತ್ತು. ಅದನ್ನು ಕೊಕ್ಕೆ ಕೋಲು ಹಾಕಿ ಎಳೆದುಕೊಂಡ. ಮನೆಗೆ ಹೋದಾಗ ಅತ್ತೆ ಕೇಳಿದರು: ‘ಏನಾಯ್ತು ಅಳಿಯಂದ್ರೇ, ಮುಟ್ಟಿಸಿಕೊಂಡಳಾ?’

ಆಗಲೇ ಹೇಳಿಬಿಡಬಹುದಿತ್ತು. ‘ನನಗೆ ಹೆದರಿಕೆ’ ಅನ್ನುವುದು ಎರಡೇ ಮಾತು. ಆದರೆ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಅವನು ಇಲ್ಲವೆಂದರೆ ಅವಳು ಹೋಗುತ್ತಾಳೆ.

‘ಹೂಂ ಅತ್ತೆ’ ಅಂದ. ‘ಮುಟ್ಟಿಸಿಕೊಂಡಳು.’

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಹೇಳುವ ಸುಳ್ಳಿನಷ್ಟು ಅಚ್ಚುಕಟ್ಟಾದದ್ದು ಬೇರೊಂದಿಲ್ಲ. ಅವನು ಅದನ್ನು ದಿನಾ ಹೊಲಿದ. ಬೆಳಿಗ್ಗೆ ಮೇವು ಹಾಕಿ ಅಗುಳಿಯನ್ನು ಕಿರ್ರೆನ್ನಿಸಿ ಎಳೆಯುತ್ತಿದ್ದ, ಬಾಗಿಲನ್ನು ಬೆರಳಗಲ ತೆರೆದು ಧಡಕ್ಕೆಂದು ಮುಚ್ಚುತ್ತಿದ್ದ. ಆಮೇಲೆ ಗೋಡೆಯಾಚೆ ನಿಂತು, ಉದ್ದ ಕೋಲಿಗೆ ಕಟ್ಟಿದ ಬ್ರಷ್ಷಿನಿಂದ ಯಜಮಾನಿಯ ಬೆನ್ನು ಕೆರೆಯುತ್ತ, ಮನೆಗೆ ಕೇಳಲೆಂದು ‘ಹಾಂ, ಮಲಗು, ಮಲಗಮ್ಮ’ ಎಂದು ಕೂಗುತ್ತಿದ್ದ. ಯಜಮಾನಿಗೆ ಬೆನ್ನು ಕೆರೆಸಿಕೊಳ್ಳುವುದು ಇಷ್ಟವೇ ಆಗಿತ್ತು, ಆದರೆ ಅದು ಯಾವತ್ತೂ ಮಲಗಲಿಲ್ಲ. ಕೊನೆಗೆ ಮತ್ತೆ ಅಗುಳಿ. ಮನೆಗೆ ಬಂದು, ಇವತ್ತು ಹೊಟ್ಟೆ ಉಜ್ಜಿದೆ, ಇವತ್ತು ಕಿವಿ ಹಿಡಿದೆ ಎಂದು ಪಾಠ ಒಪ್ಪಿಸುತ್ತಿದ್ದ.

‘ಪರವಾಗಿಲ್ಲ, ಅಳಿಯಂದ್ರು ಕಲಿತರು’ ಅಂದರು ಅತ್ತೆ ಒಂದು ದಿನ, ಎಡಗೈಯಲ್ಲಿ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ. ಆ ಮನೆಯಲ್ಲಿ ಅವತ್ತು ಅವನು ಮೊದಲ ಸಲ ತಲೆ ಎತ್ತಿ ಊಟ ಮಾಡಿದ. ಪುಟ್ಟಿಯೂ ನಕ್ಕಳು. ಟೈಲರ್‌ಗೆ ಎಷ್ಟು ಹಿತವಾಯಿತೆಂದರೆ, ಒಂದು ತುತ್ತಿನ ಮಟ್ಟಿಗೆ ತಾನು ಹೇಳಿದ್ದೆಲ್ಲ ನಿಜವೆಂದೇ ಅನ್ನಿಸಿಬಿಟ್ಟಿತು.

ಹಾಸಿಗೆಯಲ್ಲಿ ಮಾತ್ರ ನಿಜ ಎದ್ದು ಕೂರುತ್ತಿತ್ತು. ದಿನ ಬಂದೇ ಬರುತ್ತದೆ. ಆಗೇನು ಮಾಡುತ್ತೀಯ? ಅತ್ತೆಯ ಕೈ ಅಷ್ಟರಲ್ಲಿ ಕೂಡಿಕೊಳ್ಳಬಹುದು ಅಂದುಕೊಳ್ಳುತ್ತಿದ್ದ. ಯಜಮಾನಿ ಒಂದೇ ಮರಿ ಹಾಕಬಹುದು. ತನಗೆ ಜ್ವರ ಬರಬಹುದು. ಪಕ್ಕದಲ್ಲಿ ಮಲಗಿದ್ದ ಪುಟ್ಟಿಯ ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತ, ಅವನು ಬೆವರುತ್ತಿದ್ದ.

ದಿನ ಬಂದದ್ದು ಅತ್ತೆ ಪ್ಲಾಸ್ಟರ್ ತೋರಿಸಿಕೊಂಡು ಬರಲು ಆಸ್ಪತ್ರೆಗೆ ಹೋದಾಗ. ‘ಇನ್ನೂ ಹಾಲಿಳಿದಿಲ್ಲ, ಇವತ್ತು ಹಾಕಲ್ಲ ಬಿಡಿ’ ಎಂದು ಹೇಳಿಯೇ ಬಸ್ಸು ಹತ್ತಿದ್ದರು. ಅಷ್ಟು ವರ್ಷದ ಅನುಭವಕ್ಕೂ ಯಜಮಾನಿ ಕ್ಯಾರೇ ಅನ್ನಲಿಲ್ಲ.

ಮಧ್ಯಾಹ್ನದ ಮೇವು ಕೊಡಲು ಹೋದ ಟೈಲರ್ ನೋಡುತ್ತಾನೆ, ಅದು ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಅತ್ತಿಂದಿತ್ತ ಓಡಾಡುತ್ತಿದೆ. ಗೂಡಿನಲ್ಲಿ ಹಾಸಿದ್ದ ಹುಲ್ಲನ್ನೆಲ್ಲ ಬಾಗಿಲಿಗೆ ಒಟ್ಟಿದೆ. ತೊಟ್ಟಿಯಲ್ಲಿದ್ದ ಗೆಣಸನ್ನು ಮೂಸಿಯೂ ನೋಡಲಿಲ್ಲ. ಆಮೇಲೆ ಆ ಹುಲ್ಲಿನ ಮೇಲೆ, ಬಾಗಿಲು ತೆರೆಯಲಾಗದ ಹಾಗೆ ಅದಕ್ಕೆ ಒರಗಿಕೊಂಡು ಧಪ್ಪೆಂದು ಬಿದ್ದುಕೊಂಡಿತು. ಮೊಲೆಯ ತುದಿಯಲ್ಲಿ ಬಿಳಿ ಹನಿ ನಿಂತಿತ್ತು.

ಟೈಲರ್ ಮನೆಯ ಕಡೆ ತಿರುಗಿ ನೋಡಿದ. ಹಿತ್ತಲ ಬಾಗಿಲು ಮುಚ್ಚಿತ್ತು, ಪುಟ್ಟಿ ಮಲಗಿರಬೇಕು. ಕರೆದರೆ ಬರುತ್ತಾಳೆ, ಬಂದರೆ ಒಳಗಿಳಿಯುತ್ತಾಳೆ. ಕರೆಯುವುದಿಲ್ಲ ಎಂದು ತೀರ್ಮಾನಿಸಿದ. ಹಳೇ ಬಟ್ಟೆಯ ಚೂರು, ಹೊಕ್ಕುಳಿಗೆ ಹಚ್ಚುವ ಟಿಂಚರ್, ಮರಿಗಳನ್ನಿಡಲು ಬುಟ್ಟಿ, ಎಲ್ಲವನ್ನೂ ಗೋಡೆಯ ಮೇಲೆ ಸಾಲಾಗಿ ಜೋಡಿಸಿದ. ಜೋಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜೋಡಿಸಿ ಮುಗಿದ ಮೇಲೆ ಮಾಡಲು ಉಳಿದದ್ದು ಒಂದೇ ಕೆಲಸ, ಅದನ್ನು ಬಿಟ್ಟು ಬಟ್ಟೆ ಚೂರುಗಳನ್ನು ಇನ್ನೊಮ್ಮೆ ಮಡಿಸಿದ.

ಮೊದಲ ಮರಿ ಸೋಪಿನ ಬಿಲ್ಲೆ ಜಾರಿದ ಹಾಗೆ ಜಾರಿ ಹುಲ್ಲಿನ ಮೇಲೆ ಬಿತ್ತು. ಮೂತಿಯ ಮೇಲೆ ತೆಳ್ಳಗೆ ಪೊರೆ ಅಂಟಿತ್ತು. ಅದು ಉಸಿರಿಗಾಗಿ ಬಾಯಿ ತೆರೆಯುವುದು ಪೊರೆಯೊಳಗಿಂದಲೇ ಕಾಣುತ್ತಿತ್ತು. ತೆಗೆಯಬೇಕು, ಈಗಲೇ ತೆಗೆಯಬೇಕು. ಟೈಲರ್ ಗೋಡೆಯ ಮೇಲೆ ಹೊಟ್ಟೆಯೂರಿ ಕೈ ಚಾಚಿದ. ಎಟುಕಲಿಲ್ಲ. ಕಣ್ಣುಮುಚ್ಚಿ, ಹಲಗೆ ಹಿಡಿದು, ಒಳಗೆ ಧುಮುಕಿಯೇಬಿಟ್ಟ.

ಅವನ ಬೂಟು ನೆಲಕ್ಕೆ ಬಡಿದದ್ದೇ ತಡ, ಯಜಮಾನಿ ಬೊಗಳಿತು. ಹಂದಿ ಬೊಗಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾಯಿಯ ಬೊಗಳಿಕೆಯಲ್ಲ, ಎದೆಯೊಳಗಿಂದ ಒಂದೇ ಸಲ ಬಂದು ಅಪ್ಪಳಿಸುವ ಸದ್ದು. ಅಷ್ಟು ದೊಡ್ಡ ಮೈ ಅಷ್ಟು ಬೇಗ ಏಳಬಲ್ಲದೆಂದೂ ಗೊತ್ತಿರಲಿಲ್ಲ. ಎದ್ದು ತಿರುಗುವಾಗ ಅದರ ಹಿಂಗಾಲು ಮರಿಯ ಮೇಲೆ ಬಿತ್ತು. ಮರಿ ಚೀರಿತು. ಗೂಡು, ಕೊಟ್ಟಿಗೆ, ಹಿತ್ತಲು ಎಲ್ಲ ಕೇಳುವ ಹಾಗೆ ಒಂದೇ ಒಂದು ಚೀರು, ಆಮೇಲೆ ಇಲ್ಲ. ಯಜಮಾನಿ ಬಾಯಿ ತೆರೆದು ಬಂತು. ಹಲಗೆಯನ್ನು ಅಡ್ಡ ಹಿಡಿದ. ಅದು ಹಲಗೆಯ ಅಂಚನ್ನು ಕಚ್ಚಿ ತಲೆ ಕೊಡವಿತು. ಮರ ಸೀಳಿತು. ಟೈಲರ್ ಗೋಡೆ ಹತ್ತಿ ಆಚೆ ಉರುಳಿದ.

ಬಿದ್ದಲ್ಲಿಂದ ಎದ್ದಾಗ ಎದುರಿಗೆ ಪುಟ್ಟಿ ನಿಂತಿದ್ದಳು. ಕೂದಲು ಕೆದರಿತ್ತು. ಗೋಡೆಯಾಚೆ ನೋಡಿದಳು, ಸತ್ತ ಮರಿಯನ್ನು ನೋಡಿದಳು, ಅವನನ್ನು ನೋಡಿದಳು.

‘ಯಾವಾಗ ಶುರುವಾಯ್ತು?’

‘ಈಗ. ನೀನು ಹೋಗು. ಮಲಗು ಹೋಗು. ನಾನು ನೋಡ್ಕೋತೀನಿ. ನನ್ನ ಕೈ ಗೊತ್ತಲ್ಲ ಅವಳಿಗೆ.’ ಹಾಗನ್ನುತ್ತ ಟಿಂಚರ್ ಬಾಟಲಿಯನ್ನು ಬುಟ್ಟಿಯ ಬಲಕ್ಕಿಟ್ಟ, ತೆಗೆದು ಎಡಕ್ಕಿಟ್ಟ.

ಒಳಗೆ ಯಜಮಾನಿ ಮತ್ತೆ ಬಾಗಿಲಿಗೆ ಒರಗಿ ಮಲಗಿತು. ಹೊಟ್ಟೆ ಬಿಗಿಯುತ್ತಿತ್ತು. ಇನ್ನೊಂದು ಬರುತ್ತಿತ್ತು. ಪುಟ್ಟಿ ಗೋಡೆಯ ಪಕ್ಕದ ತೌಡಿನ ಮೂಟೆಯ ಮೇಲೆ ಕಾಲಿಟ್ಟಳು.

‘ಪುಟ್ಟಿ, ಬೇಡ!’ ಅವಳ ತೋಳು ಹಿಡಿದ. ‘ಬೇಡ, ನಿನ್ನ ಕಾಲಿಗೆ ಬೀಳ್ತೀನಿ. ಅವಳಿಗೆ ಕೈ ಗುರುತಿಲ್ಲ. ನನ್ನ ಕೈ ಗುರುತಿಲ್ಲ. ನಾನು ಒಳಗೆ ಹೋಗೇ ಇಲ್ಲ. ಮೊದಲ ದಿನ ಬಿಟ್ರೆ ಒಂದು ದಿನವೂ ಹೋಗಿಲ್ಲ ಪುಟ್ಟಿ, ಬಾಗಿಲು ಬಡಿದು ಬರ್ತಿದ್ದೆ, ಅಷ್ಟೇ. ನನಗೆ ಹೆದರಿಕೆ. ಯಾರೂ ಅವಳನ್ನ ಮುಟ್ಟಿಲ್ಲ. ನಿನ್ನನ್ನ ಕೊಂದು ಹಾಕ್ತಾಳೆ.’

ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಿತ್ತು. ಪುಟ್ಟಿ ತೋಳು ಬಿಡಿಸಿಕೊಳ್ಳಲಿಲ್ಲ. ಅವನ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು.

‘ಗೊತ್ತು ರೀ’ ಅಂದಳು. ‘ಈಗ ಬಿಡಿ.’

ಗೊತ್ತು ಅಂದದ್ದು ತಲೆಗೆ ಇಳಿಯುವ ಮುಂಚೆಯೇ ಅವಳು ಮೂಟೆಯ ಮೇಲಿದ್ದಳು. ಹೊಟ್ಟೆಯನ್ನು ಪಕ್ಕಕ್ಕೆ ತಿರುಗಿಸಿ, ಗೋಡೆಗೆ ಆತು ನಿಂತ ನೀರಿನ ಕೊಳವೆಯನ್ನು ಬಲಗೈಯಲ್ಲಿ ಹಿಡಿದು, ಒಂದು ಕಾಲು ಗೋಡೆಯಾಚೆ ಹಾಕಿ, ಒಳಗಿನ ತೊಟ್ಟಿಯ ಅಂಚನ್ನು ನೋಡದೆಯೇ ಪಾದದಿಂದ ಹುಡುಕಿಕೊಂಡು ಇಳಿದಳು. ಇಳಿಯುವಾಗಲೇ ಮಾತು ಶುರುವಾಗಿತ್ತು. ‘ಏನೇ ಯಜಮಾನಿ, ನಾನೇ ಕಣೇ, ನಾನೇ. ಸುಸ್ತಾಯ್ತಾ? ಆಗತ್ತೆ, ಆಗತ್ತೆ.’

ಯಜಮಾನಿ ತಲೆ ಎತ್ತಿತು. ಪುಟ್ಟಿ ನಿಲ್ಲಲಿಲ್ಲ. ನೇರ ಹೋಗಿ, ಹೊಟ್ಟೆಯ ಭಾರಕ್ಕೆ ಒಂದು ಕೈ ನೆಲಕ್ಕೆ ಕೊಟ್ಟು ಮೊಣಕಾಲೂರಿ, ಇನ್ನೊಂದು ಕೈಯನ್ನು ಅದರ ಮೊಲೆಗಳ ಸಾಲಿನ ಮೇಲಿಟ್ಟು ಉಜ್ಜಿದಳು. ಯಜಮಾನಿ ಗುರ್ ಗುರ್ ಎಂದು ಸಣ್ಣಗೆ ದನಿ ತೆಗೆದು ತಲೆಯನ್ನು ಹುಲ್ಲಿನ ಮೇಲೆ ಇಳಿಸಿತು. ಹಲಗೆ ಸೀಳಿದ ಅದೇ ಬಾಯಿ ಈಗ ಅರೆತೆರೆದು, ನಿದ್ದೆಗೆ ಬಿದ್ದ ಮಗುವಿನ ಬಾಯಿಯಾಗಿತ್ತು. ಎರಡನೆಯ ಮರಿ ಅವಳ ಕೈಗೇ ಬಂತು. ಪೊರೆ ತೆಗೆದು, ಒರೆಸಿ, ಮೊಲೆಗೆ ಹಚ್ಚಿದಳು. ಹೂವೆತ್ತಿದ ಹಾಗೆ ಅನ್ನುತ್ತಾರಲ್ಲ, ಹಾಗೆ.

ಟೈಲರ್ ಗೋಡೆ ಹಿಡಿದು ನಿಂತಿದ್ದ. ಗುರುತಿಲ್ಲದ ಕೈಗೆ ಅದು ಮಲಗುವುದಿಲ್ಲ ಅಂದಿದ್ದರು ಅತ್ತೆ. ಮದುವೆಗೆ ಮುಂಚಿನ ಗುರುತು ಇಷ್ಟು ವರ್ಷ ನಿಂತೀತೇ? ಅವನಿಗೆ ಪುಟ್ಟಿ ಗೋಡೆ ಹತ್ತಿದ ರೀತಿ ಕಣ್ಣಿಗೆ ಕಟ್ಟಿತು. ಕೊಳವೆ ಎಲ್ಲಿದೆ, ತೊಟ್ಟಿಯ ಅಂಚು ಎಲ್ಲಿದೆ ಎಂದು ಅವಳು ಒಮ್ಮೆಯೂ ನೋಡಲಿಲ್ಲ. ಹೊಟ್ಟೆ ಇಷ್ಟು ದೊಡ್ಡದಾಗಿ ಎಷ್ಟು ದಿನವಾಯಿತು? ಇಷ್ಟು ದೊಡ್ಡ ಹೊಟ್ಟೆಯೊಂದಿಗೆ ಗೋಡೆ ಹತ್ತುವ ಅಭ್ಯಾಸ ಮದುವೆಗೆ ಮುಂಚೆ ಆಗಿರಲು ಸಾಧ್ಯವಿಲ್ಲ.

‘ಪುಟ್ಟಿ’ ಅಂದ. ‘ನೀನು ಬರ್ತಿದ್ದೆಯಾ?’

ಅವಳು ಯಜಮಾನಿಯ ಹೊಟ್ಟೆ ಉಜ್ಜುತ್ತಲೇ ಅಂದಳು: ‘ನಿಮ್ಮ ಪ್ಯಾಂಟಿನ ಮೊಣಕಾಲು ಒಂದು ದಿನವೂ ಕೊಳೆಯಾಗಿರಲಿಲ್ಲ. ಹೊಟ್ಟೆ ಉಜ್ಜಿದೆ ಉಜ್ಜಿದೆ ಅಂತೀರಿ, ಮೊಣಕಾಲೂರದೆ ಉಜ್ಜೋಕಾಗತ್ತಾ? ಟೈಲರ್ ಆಗಿ ಅಷ್ಟೂ ಯೋಚನೆ ಮಾಡಲಿಲ್ಲ ನೀವು.’

‘ದಿನಾ?’

‘ನೀವು ಗೆಣಸು ತರೋಕೆ ಹೋದಾಗ, ಅಮ್ಮ ಮಲಗಿದಾಗ. ಬಾಗಿಲು ತೆಗೆದರೆ ಅಮ್ಮಂಗೆ ಕೇಳತ್ತೆ ಅಂತ ಗೋಡೆ ಹತ್ತಿ ಬರ್ತಿದ್ದೆ. ಯಾರಾದ್ರೂ ಮಾಡಲೇಬೇಕಿತ್ತಲ್ಲ.’

ಟೈಲರ್ ಮೊದಲು ಹೆದರಿದ್ದು ಹೆದರಿಕೆಯೇ ಅಲ್ಲ. ಈಗ ಬಂದದ್ದು ಹೆದರಿಕೆ. ಕಳೆದು ಹೋದ ದಿನಗಳೆಲ್ಲ ಒಂದರ ಹಿಂದೊಂದು ಎದ್ದು ಬಂದವು. ಅವನು ಅಂಗಡಿಯಲ್ಲಿ ನಿಂತು ಗೆಣಸು ಆರಿಸುವಾಗ ಅವಳು ಈ ಗೋಡೆಯ ಮೇಲಿದ್ದಳು. ಒದ್ದೆ ನೆಲ. ಕಾಲಿಗೆ ಚಪ್ಪಲಿ. ಕೂಗಿದರೆ ಕೇಳುವವರಿಲ್ಲ. ಒಂದೇ ಒಂದು ನೂಕು ಸಾಕು ಅಂದಿದ್ದರು ಡಾಕ್ಟರಮ್ಮ. ಅವಳನ್ನು ಒಳಗೆ ಬಿಡಬಾರದೆಂದು ಹೇಳಿದ ಸುಳ್ಳೇ ಅವಳನ್ನು ದಿನಾ ಒಳಗೆ ಕಳಿಸಿತ್ತು.

‘ನನಗೆ ಯಾಕೆ ಹೇಳಲಿಲ್ಲ?’ ಅಂದ. ಸಿಟ್ಟಿನಲ್ಲೇ ಅಂದ, ಅಳು ಸಿಟ್ಟಿನ ವೇಷದಲ್ಲಿ ಬಂದಿತ್ತು. ‘ಮುಖಕ್ಕೆ ಉಗಿದು ಹೇಳಬಾರದಾಗಿತ್ತಾ?’

ಪುಟ್ಟಿ ಮರಿಯನ್ನು ಇನ್ನೊಂದು ಮೊಲೆಗೆ ಸರಿಸಿದಳು. ‘ಈ ಮನೆಗೆ ಬಂದಾಗಿಂದ ನೀವು ತಲೆ ಎತ್ತಿ ಉಂಡಿದ್ದು ಆ ಸುಳ್ಳು ಹೇಳಿದ ಮೇಲೇ ರೀ’ ಅಂದಳು. ‘ಅದನ್ನ ಕಿತ್ಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ.’

ಅಷ್ಟರಲ್ಲಿ ಯಜಮಾನಿಯ ಹೊಟ್ಟೆ ಮತ್ತೆ ಬಿಗಿಯಿತು. ನೋವಿಗೆ ಅದು ಮೇಲಿನ ಹಿಂಗಾಲನ್ನು ಝಾಡಿಸಿತು. ಗೊರಸು ಪುಟ್ಟಿಯ ಹೊಟ್ಟೆಗೆ ಒಂದು ಗೇಣು ದೂರದಲ್ಲಿ ಗಾಳಿ ಸೀಳಿಕೊಂಡು ಹೋಗಿ, ಹುಲ್ಲಿನ ಮೇಲೆ ಬಡಿಯಿತು. ಪುಟ್ಟಿ ಹಿಂದಕ್ಕೆ ಸರಿಯಲು ನೋಡಿದಳು. ಭಾರಕ್ಕೆ ಬೇಗ ಆಗಲಿಲ್ಲ.

ಟೈಲರ್ ಗೋಡೆಯ ಮೇಲಿದ್ದ. ಧೈರ್ಯ ಬಂದು ಹತ್ತಿದನೆಂದು ಯಾರೂ ತಿಳಿಯಬಾರದು. ಅವನಿಗೆ ಗೊತ್ತಿದ್ದದ್ದು ಒಂದೇ. ಆ ಕಾಲು ಇನ್ನೊಮ್ಮೆ ಬೀಸುವುದರೊಳಗೆ ಅಲ್ಲಿ ಅವಳಿರಬಾರದು. ಈ ಸಲ ಧುಮುಕಲಿಲ್ಲ. ತೊಟ್ಟಿಯ ಅಂಚಿಗೆ ಕಾಲಿಟ್ಟು ನಿಧಾನಕ್ಕೆ ಇಳಿದ.

ಯಜಮಾನಿಯ ಗಂಟಲಲ್ಲಿ ಆ ಬೊಗಳುವ ಸದ್ದು ಮತ್ತೆ ಶುರುವಾಯಿತು.

‘ಮಾತಾಡಿ’ ಅಂದಳು ಪುಟ್ಟಿ. ‘ನಿಲ್ಲಬೇಡಿ. ಮಾತಾಡ್ತಾ ಬನ್ನಿ.’

‘ಏನಂತ?’

‘ಏನಾದ್ರೂ ಸರಿ.’

‘ಅಮ್ಮಾ ಯಜಮಾನಿ’ ಅಂದ ಟೈಲರ್. ‘ನಾನೇ, ಟೈಲರ್. ಬೆನ್ನು ಕೆರೆಯೋನು. ನನಗೆ ನಿನ್ನ ಕಂಡ್ರೆ ತುಂಬಾ ಹೆದರಿಕೆ ತಾಯಿ. ನಿನಗೆ ನನ್ನ ಕಂಡ್ರೂ ಅಷ್ಟೇ ಅಂತ ಕಾಣತ್ತೆ. ಇಬ್ಬರೂ ಸ್ವಲ್ಪ ಸುಧಾರಿಸಿಕೊಳ್ಳೋಣ.’ ಹೀಗೇ ಏನೇನೋ ಬಡಬಡಿಸುತ್ತ ಮೊಣಕಾಲೂರಿದ. ಪುಟ್ಟಿ ಅವನ ಕೈ ಹಿಡಿದು ತನ್ನ ಕೈಯಡಿ ಇಟ್ಟುಕೊಂಡು ಆ ಬಿಸಿ ಹೊಟ್ಟೆಯ ಮೇಲೆ ಉಜ್ಜಿದಳು. ಯಜಮಾನಿಯ ಬಿಳಿ ರೆಪ್ಪೆಯ ಕಣ್ಣು ಅವನನ್ನೇ ನೋಡುತ್ತಿತ್ತು. ಅದು ಒಂದು ಸಲ ಉಸಿರು ಹಿಡಿದು, ಮತ್ತೆ ಬಿಟ್ಟಿತು. ಪುಟ್ಟಿ ಮೆಲ್ಲಗೆ ತನ್ನ ಕೈ ತೆಗೆದಳು. ಅವನ ಕೈ ಅಲ್ಲೇ ಉಳಿಯಿತು. ಸದ್ದು ಗಂಟಲಲ್ಲೇ ಸಣ್ಣಗಾಗಿ, ಗುರ್ ಗುರ್ ಆಯಿತು.

ಮುಂದಿನ ಮರಿ ಬಂದಾಗ ಪೊರೆ ತೆಗೆದವನು ಟೈಲರ್. ಬೆರಳ ತುದಿಗೆ ಅಂಟಿದ ಅದನ್ನು ನೂಲಿನ ಎಳೆ ತೆಗೆಯುವಷ್ಟು ಹುಷಾರಾಗಿ ತೆಗೆದ. ಮರಿ ಸೀನಿತು. ಆ ಸೀನಿಗೂ ಬೆಚ್ಚಿಬಿದ್ದ.

‘ನೀನು ಇನ್ನು ಹೊರಗೆ ಹೋಗು’ ಅಂದ, ತಿರುಗದೆ.

‘ಇನ್ನೂ ಇವೆ ರೀ. ಒಬ್ಬರೇ ಇರ್ತೀರಾ? ಹೆದರಿಕೆ ಇಲ್ವಾ?’

‘ಇದೆ. ತುಂಬಾ ಇದೆ. ಆದ್ರೂ ಹೋಗು.’

ಪುಟ್ಟಿ ಅವನ ಹೆಗಲು ಹಿಡಿದು ಎದ್ದಳು. ಅವನು ಅವಳ ಜೊತೆ ಏಳುವ ಹಾಗಿರಲಿಲ್ಲ. ಒಂದು ಕೈ ಯಜಮಾನಿಯ ಹೊಟ್ಟೆಯ ಮೇಲಿತ್ತು, ಇನ್ನೊಂದರಲ್ಲಿ ಒದ್ದೆ ಮರಿಯಿತ್ತು. ಕತ್ತು ಮಾತ್ರ ತಿರುಗಿಸಿ ನೋಡಿದ. ಅವಳು ತೊಟ್ಟಿಯ ಅಂಚಿಗೆ ಕಾಲಿಟ್ಟಳು. ಅಂಚು ಒದ್ದೆಯಾಗಿತ್ತು. ಕೊಳವೆ ಹಿಡಿದಳು. ಕೊಳವೆ ಅಲುಗಿತು, ಅದನ್ನು ಗೋಡೆಗೆ ಕಟ್ಟಿದ್ದು ತುಕ್ಕು ಹಿಡಿದ ಒಂದು ತಂತಿ. ಹೊಟ್ಟೆಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ಗೋಡೆಯ ಮೇಲೆ ಒಂದು ಗಳಿಗೆ ಕೂತಳು. ಆಚೆ ಮೂಟೆಗಾಗಿ ಅವಳ ಕಾಲು ಗಾಳಿಯಲ್ಲಿ ಹುಡುಕುತ್ತಿತ್ತು. ಟೈಲರ್ ಉಸಿರು ಬಿಗಿಹಿಡಿದ. ಯಜಮಾನಿ ಪಕ್ಕದಲ್ಲೇ ಇದೆ ಎಂಬುದನ್ನು ಅಷ್ಟು ಹೊತ್ತು ಅವನು ಪೂರ್ತಿ ಮರೆತಿದ್ದ. ಇಷ್ಟು ದಿನ ಯಾರೂ ನೋಡದೇ ಇದ್ದಾಗ ಅವಳು ಹತ್ತಿ ಇಳಿದದ್ದೂ ಹೀಗೆಯೇ.

ಗೋಡೆಯಾಚೆ ಕಾಲು ನೆಲಕ್ಕೆ ತಾಗಿದ ಸದ್ದಾಯಿತು.

‘ಇಳಿದೆ ರೀ’ ಅಂದಳು ಪುಟ್ಟಿ.